ಲಲಿತಾ, ಎಚ್ ಸಹಿತ

ಬೇರೆಯವರ ಹೆಸರು ತಿದ್ದುವುದು ನನ್ನ ಹೊಟ್ಟೆಪಾಡು. ನಾಗಪುರದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಉಪಸಂಪಾದಕನಾಗಿ ತಲೆ ನರೆಸಿಕೊಂಡವನು ನಾನು. ಬೆಲೆಯೇರಿಕೆಯ ಅಂಕಿ ತಪ್ಪಾದರೆ ಓದುಗರು ಕ್ಷಮಿಸುತ್ತಾರೆ. ಮಂತ್ರಿಯ ಖಾತೆ ತಪ್ಪಾದರೆ ಮಂತ್ರಿಯೇ ಕ್ಷಮಿಸುತ್ತಾನೆ. ಅವನಿಗೂ ಅದರ ಬಗ್ಗೆ ಖಚಿತವಿರುವುದಿಲ್ಲ. ಆದರೆ ಹೆಸರಿನಲ್ಲಿ ಒಂದಕ್ಷರ ಆಚೀಚೆ ಆಯಿತೋ, ಮರುದಿನ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದು ನಿಂತಿರುತ್ತಾನೆ. ಒಮ್ಮೆ ನಿಧನ ವಾರ್ತೆಯಲ್ಲಿ ತೀರಿಕೊಂಡ ತಮ್ಮನ ಬದಲು ಅಣ್ಣನ ಹೆಸರು ಹಾಕಿಬಿಟ್ಟಿದ್ದೆವು. ಅಣ್ಣ ಬಂದ. ತಾನು ಬದುಕಿದ್ದೇನೆಂದು ವಾದಿಸಲಿಲ್ಲ. ತನ್ನ ಹೆಸರಿನಲ್ಲಿ ಎರಡು 'ಎ' ಇವೆ, ನೀವು ಒಂದೇ ಹಾಕಿದ್ದೀರಿ ಎಂದು ಜಗಳ ತೆಗೆದ. ಹೆಸರಿನ ವಿಷಯದಲ್ಲಿ ಅದರ ಒಡೆಯ ಹೇಳಿದ್ದೇ ಕೊನೆಯ ಮಾತು ಎಂಬುದು ಅಂದಿನಿಂದ ನಮ್ಮ ಸಂಪಾದಕರ ಮೇಜಿನ ನಿಯಮ. ಒಡೆಯರು ಇಬ್ಬರಿದ್ದರೆ ಏನು ಮಾಡಬೇಕೆಂದು ಆ ನಿಯಮ ಹೇಳುವುದಿಲ್ಲ.

ನನ್ನ ಹೆಂಡತಿಯ ಹೆಸರು ಲಲಿತಾ. ನಾನು ಗದಗಿನ ಕಡೆಯವನು, ಆಕೆ ತುಮಕೂರಿನ ಕಡೆಯವಳು. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರ ಕನ್ನಡದ ನಡುವೆ ಒಬ್ಬ ದುಭಾಷಿ ಬೇಕಾಗಿತ್ತು. ಸಾಲದ್ದಕ್ಕೆ ನಾಗಪುರ. ನಾನು ಊಟ ಮುಗಿಸಿ "ಚಲೋ ಆತು" ಎಂದರೆ ಪಕ್ಕದಲ್ಲಿ ಕೂತ ಅತಿಥಿಗಳು ಹೊರಡುವ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದರು. ಕ್ರಮೇಣ ಎಲ್ಲವೂ ಹೊಂದಿಕೊಂಡಿತು, ಒಂದು ಅಕ್ಷರದ ಹೊರತು. ನಮ್ಮ ಕಡೆ 'ತ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಬರೀ 'ಟಿ' ಸಾಕು, ಮರಾಠಿಯವರಿಗೂ ಅಷ್ಟೇ. ತುಮಕೂರಿನವರಿಗೆ ಅದು ಸಾಲದು, ಟಿಯ ಬೆನ್ನಿಗೆ ಒಂದು 'ಎಚ್' ಬೇಕೇ ಬೇಕು. ಇಲ್ಲವಾದರೆ ಅವರ ಊರಿನಲ್ಲಿ ಅದನ್ನು 'ಲಲಿಟಾ' ಎಂದು ಓದುತ್ತಾರಂತೆ. ಎಚ್ ಇದ್ದರೆ ಈ ಊರಿನಲ್ಲಿ 'ಲಲಿಥಾ' ಎಂದು ಓದುತ್ತಾರೆ. ಗ್ಯಾಸ್ ಕಚೇರಿಯಲ್ಲಿ "ಲಲಿಥಾಬಾಯೀ" ಎಂದು ಕೂಗಿದಾಗ ಅದು ತಾನಲ್ಲವೆಂದು ನನ್ನ ಹೆಂಡತಿ ಸುಮ್ಮನೆ ಕುಳಿತಿದ್ದು, ಸಿಲಿಂಡರ್ ಇನ್ನೊಬ್ಬರ ಮನೆಗೆ ಹೋದದ್ದುಂಟು.

"ಆ ಎಚ್ ಬಿಟ್ಟುಬಿಡು. ಈ ಊರಾಗ ಅದು ನಡೆಯೂದಿಲ್ಲ," ಎಂದು ಒಮ್ಮೆ ಹೇಳಿ ನೋಡಿದೆ.

"ನಮ್ಮಪ್ಪ ಸ್ಕೂಲಿಗೆ ಸೇರಿಸೋವಾಗ ಬರೆಸಿದ ಎಚ್ ಅದು. ನಿಮ್ಮ ಪೇಪರಲ್ಲಿ ಎಷ್ಟು ಬೇಕಾದ್ರೂ ಹೊಡೆದು ಹಾಕ್ಕೊಳ್ಳಿ. ನನ್ನ ಹೆಸರಿಗೆ ಪೆನ್ನು ತರಬೇಡಿ," ಎಂದಳು.

ಲಲಿತಾ ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಮೊದಲು ಬ್ಯಾಂಕಿನ ಕನ್ನಡದವರ ಮನೆಗಳಿಗೆ ಹೋಗುತ್ತಿತ್ತು, ಆಮೇಲೆ ಕಾಮಟಿಯ ಸೈನ್ಯದ ಮನೆಗಳಿಗೆ. ಕೊನೆಗೆ ನಮ್ಮ ಕಾಲೊನಿಯ ಮರಾಠಿ ಹೆಂಗಸರೂ ಹುಳಿಪುಡಿಯನ್ನು ತಮ್ಮ ಬೇಳೆಸಾರಾದ ಆಮಟಿಗೆ ಹಾಕಿ ಅದನ್ನು ಆಮಟಿಯೆಂದೇ ಕರೆಯತೊಡಗಿದರು. ಪೊಟ್ಟಣಕ್ಕೆ ಒಂದು ಚೀಟಿ ಬೇಕಾಯಿತು. ಹಳೆಯ ಪೇಟೆ ಮಹಾಲಿನ ಗಲ್ಲಿಯೊಂದರ ಮುದ್ರಣಾಲಯದಲ್ಲಿ ಕೆಂಪಕ್ಷರದ ಚೀಟಿ ಮಾಡಿಸಿದೆವು. ಮುದ್ರಕ ಒಳ್ಳೆಯ ಮನುಷ್ಯ. ಎಚ್ ತಪ್ಪಿನಿಂದ ಬಂದಿದೆಯೆಂದು ತಿಳಿದು ತಾನೇ ತೆಗೆದುಹಾಕಿದ್ದ. ಲಲಿತಾ ಆಟೋ ಹಿಡಿದು ಹೋಗಿ, ಪಕ್ಕದಲ್ಲಿ ನಿಂತು, ಎಚ್ಚನ್ನು ಮತ್ತೆ ಕೂರಿಸಿ ಬಂದಳು.

ಹೀಗಿರುವಾಗ ಸೋಮು ಒಂದು ದಿನ ಪೇಡೆಯ ಪೊಟ್ಟಣ ಹಿಡಿದು ಬಂದ. ಸೋಮು ನನ್ನ ಹೆಂಡತಿಯ ತಮ್ಮ. ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತ, ಇಲ್ಲಿಗೆ ವರ್ಗವಾಗಿ ಬಂದವನು, ಮದುವೆಯಾಗಿಲ್ಲ, ಊಟ ನಮ್ಮಲ್ಲಿ. ಇಡೀ ದೇಶಕ್ಕೆ ಡಾಟ್ ಕಾಮ್ ಜ್ವರ ಬಂದಿದ್ದ ಕಾಲ ಅದು. ಕಚೇರಿ ಬಿಟ್ಟ ಮೇಲೆ ಅವನು ಸೀತಾಬರ್ಡಿಯ ಸೈಬರ್ ಕೆಫೆಯೊಂದರಲ್ಲಿ ಕೂತು ಜ್ವರ ಏರಿಸಿಕೊಂಡು ಊಟಕ್ಕೆ ಬರುತ್ತಿದ್ದ.

"ಅಕ್ಕಾ, ಸೈಟ್ ತಗೊಂಡೆ ಕಣೇ. ನಿನ್ನ ಹೆಸರಲ್ಲೇ," ಎಂದ.

ಕನ್ನಡಿಗರಿಗೆ ಸೈಟು ಎಂದರೆ ಮೂವತ್ತು-ನಲವತ್ತರದ್ದು, ಮೂಲೆಯದಾದರೆ ಇನ್ನೂ ಒಳ್ಳೆಯದು. ಲಲಿತಾಳ ಕಣ್ಣು ತುಂಬಿ ಬಂತು. "ಯಾವ ಕಡೆನೋ? ವರ್ಧಾ ರೋಡಾ? ನೀರಿದ್ಯಾ?"

"ಇಂಟರ್ನೆಟ್ಟಲ್ಲಿ."

"ಅದೆಲ್ಲಿ ಬಂತು? ಕೊರಾಡಿ ಹತ್ತಿರಾನಾ?"

ವಿಷಯ ಬಿಡಿಸಿ ಹೇಳುವ ಹೊತ್ತಿಗೆ ಪೇಡೆ ಮುಗಿದಿತ್ತು. ಸೋಮು 'ಲಲಿತಾಮಸಾಲಾ ಡಾಟ್ ಕಾಮ್' ಎಂಬ ಹೆಸರನ್ನು ನೋಂದಾಯಿಸಿದ್ದ, ಅಕ್ಕನ ಎಚ್ಚನ್ನು ಭಕ್ತಿಯಿಂದ ಉಳಿಸಿಕೊಂಡು. ಹುಳಿಪುಡಿ ಎಂದರೆ ಈ ಊರಿಗೆ ತಿಳಿಯದೆಂದು ಮಸಾಲಾ ಎಂದು ಸೇರಿಸಿದ್ದ. ಅಲ್ಲಿ ಮನೆಯಿಲ್ಲ, ಬೇಲಿಯಿಲ್ಲ, ಪುಟವೂ ಇಲ್ಲ, ಬರೀ ಹೆಸರು. ಆದರೆ ಅವನ ಲೆಕ್ಕಾಚಾರವೆಲ್ಲ ಬೆಂಗಳೂರಿನ ಹೊರವಲಯದ ಸೈಟಿನದೇ. ಈಗ ಅಗ್ಗವಾಗಿದೆ, ಸುಮ್ಮನೆ ಬಿಟ್ಟಿರೋಣ, ಊರು ಬೆಳೆದು ಇಲ್ಲಿಯವರೆಗೆ ಬಂದೇ ಬರುತ್ತದೆ, ಆಗ ಬೇಕಾದವರು ಬಾಗಿಲಿಗೆ ಬರುತ್ತಾರೆ. ಅಮೆರಿಕದಲ್ಲಿ ಯಾರೋ ಹೀಗೆ ಹೆಸರು ಮಾರಿ ಬಂಗಲೆ ಕಟ್ಟಿದನಂತೆ. ಯಾರೆಂದು ಕೇಳಿದರೆ ಅವನ ಹೆಸರು ಮಾತ್ರ ಸೋಮುವಿಗೆ ನೆನಪಿರಲಿಲ್ಲ.

ಬಾಗಿಲಿಗೆ ಬರಬೇಕಾದವರು ಯಾರೆಂಬುದು ಕೆಲವು ವಾರಗಳಲ್ಲಿ ಅವನಿಗೆ ಹೊಳೆಯಿತು. ಇತವಾರಿಯ ಸಗಟು ಪೇಟೆಯಲ್ಲಿ 'ಲಲಿತ್ ಮಸಾಲೆ' ಎಂಬ ದೊಡ್ಡ ಅಂಗಡಿಯಿದೆ. ಅವರ ಟೆಂಪೋಗಳು ಸಾವನೇರಿನವರೆಗೂ ಓಡಾಡುತ್ತವೆ. ಲಲಿತ್ ಮಸಾಲೆಯವರು ಇಂದಲ್ಲ ನಾಳೆ ಇಂಟರ್ನೆಟ್ಟಿಗೆ ಬರಲೇಬೇಕು, ಬಂದಾಗ ನಮ್ಮ ಸೈಟು ಅಡ್ಡ ನಿಂತಿರುತ್ತದೆ ಎಂಬುದು ಸೋಮುವಿನ ತರ್ಕ. ಅಕ್ಕನಿಗೆ ಹೇಳದೆ ನೇರ ಅಂಗಡಿಗೇ ಹೋದ. ಲೆಕ್ಕ ಬರೆಯುವ ಮುನೀಮ ಕಾಗದದ ಮೇಲಿನ ಹೆಸರನ್ನು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿ, "ಹೇ ಆಮಚಂ ನಾವ್ ನಾಹೀ. ಯಾತ್ ಎಚ್ ಆಹೇ," ಎಂದು ಹಿಂದಿರುಗಿಸಿದ. ಇದು ನಮ್ಮ ಹೆಸರಲ್ಲ, ಇದರಲ್ಲಿ ಎಚ್ ಇದೆ.

ಸೋಮು ಅವಮಾನದಿಂದ ನನ್ನ ಬಳಿ ಬಂದ. "ಭಾವ, ಅವನಿಗೆ ಅರ್ಥವಾಗೋ ಹಾಗೆ ಒಂದು ಲೆಟರ್ ಬರೆದಿದೀನಿ. ಸ್ವಲ್ಪ ನೋಡಿ."

ನೋಡಿದೆ. ಲೆಕ್ಕಪತ್ರ ಕಚೇರಿಯ ಇಂಗ್ಲಿಷ್ ಅದು. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ತಮ್ಮ ಘನ ಸನ್ನಿಧಿಗೆ ವಿನಮ್ರನಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಹೆಸರು ಸದರಿಯವರ ಅವಗಾಹನೆಗೆ ಬಂದಿರಬಹುದಾಗಿದ್ದು, ಸೂಕ್ತವೆಂದು ಕಂಡುಬಂದಲ್ಲಿ ಸೂಕ್ತ ಕ್ರಮವನ್ನು ಸೂಕ್ತ ರೀತಿಯಲ್ಲಿ ಜರುಗಿಸಲು ಕೋರಿದೆ. ಎರಡು ಪುಟ ಇದೇ. ಓದಿ ಮುಗಿಸಿದಾಗ ಬರೆದವನು ರಜೆ ಕೇಳುತ್ತಿದ್ದಾನೋ ಕೊಡುತ್ತಿದ್ದಾನೋ ತಿಳಿಯುವಂತಿರಲಿಲ್ಲ.

ಇಂಥದನ್ನು ಕಂಡರೆ ನನ್ನ ಕೈ ತಾನಾಗಿಯೇ ಪೆನ್ನಿಗೆ ಹೋಗುತ್ತದೆ. ಹೋಟೆಲಿನ ತಿಂಡಿ ಪಟ್ಟಿಯನ್ನೂ ತಿದ್ದಿ ಮಾಣಿಗೆ ಕೊಟ್ಟವನು ನಾನು. ಮದುವೆಯ ಕರೆಯೋಲೆ ತಿದ್ದಿ ಮದುವೆಗೇ ಕರೆಯಿಸಿಕೊಳ್ಳದೆ ಉಳಿದವನು. "ಏನ್ ಹೇಳಬೇಕಾಗೇತಿ, ಬಾಯಿಲೆ ಹೇಳು," ಎಂದೆ. ಸೋಮು ಹೇಳಿದ. ನಾಲ್ಕು ವಾಕ್ಯಗಳಲ್ಲಿ ಬರೆದೆ. ಈ ಹೆಸರು ಕಿವಿಗೆ ನಿಮ್ಮ ಹೆಸರಿನಂತೆಯೇ ಕೇಳುತ್ತದೆ. ನಿಮ್ಮ ಗಿರಾಕಿಗಳು ನಿಮ್ಮದೆಂದು ತಿಳಿದು ತಪ್ಪಿ ಇಲ್ಲಿಗೆ ಬರುತ್ತಾರೆ. ಹೆಸರಿನಿಂದ ನಮಗೆ ಸದ್ಯ ಉಪಯೋಗವಿಲ್ಲ, ನಿಮಗಿದೆ. ತಕ್ಕ ಬೆಲೆಗೆ ಮಾರಲು ಸಿದ್ಧರಿದ್ದೇವೆ. ಒಂದು ವಿಶೇಷಣವಿಲ್ಲ, ಒಂದು ಸುತ್ತುಮಾತಿಲ್ಲ. ಹೊಸದಾಗಿ ಸೇರಿದ ವರದಿಗಾರರಿಗೆ ಮಾದರಿಯೆಂದು ತೋರಿಸಬಹುದಾದ ಪತ್ರ. ಸೋಮು ಓದಿ ಮುಖ ಸಣ್ಣದು ಮಾಡಿದ. "ಇಷ್ಟೇನಾ ಭಾವ? ಸ್ವಲ್ಪ ಗೌರವ ಕಮ್ಮಿ ಆಯ್ತೇನೋ." "ಸ್ಪಷ್ಟತೆಯೇ ಗೌರವ," ಎಂದು ನಾನು ಮೇಜಿನ ಹಿಂದಿನ ಧ್ವನಿಯಲ್ಲಿ ಹೇಳಿದೆ.

ಪತ್ರ ಹಾಕಿದೆವು. ಅಂಗಡಿಯ ಒಡೆಯ ಸೇಠರಿಂದ ಉತ್ತರ ಬರಲಿಲ್ಲ. ಅವರ ವಕೀಲರಿಂದ ಬಂತು.

ನೋಟಿಸು ಲಲಿತಾಳ ಹೆಸರಿಗೇ ಬಂದಿತ್ತು, ಹೆಸರು ನೋಂದಣಿಯಾದದ್ದು ಅವಳ ಹೆಸರಿನಲ್ಲಾದ್ದರಿಂದ. ರಿಜಿಸ್ಟರ್ಡ್ ಅಂಚೆಗೆ ಸಹಿ ಹಾಕಿ, ತೆರೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. 'ಲಲಿತ್' ಎಂಬುದು ತಮ್ಮ ನೋಂದಾಯಿತ ಟ್ರೇಡ್‌ಮಾರ್ಕ್. ಅದರ ಬಾಲಕ್ಕೆ ಎರಡಕ್ಷರ ಅಂಟಿಸಿ ಜನರನ್ನು ವಂಚಿಸುವ ಉದ್ದೇಶದಿಂದ ಇಂಟರ್ನೆಟ್ ಹೆಸರು ಪಡೆದಿದ್ದೀರಿ. ಕೂಡಲೇ ಅದನ್ನು ಬಿಟ್ಟುಕೊಡಬೇಕು. ಅಷ್ಟೇ ಅಲ್ಲ, ಇನ್ನು ಮುಂದೆ ಯಾವುದೇ ಮಸಾಲೆಯ ಪೊಟ್ಟಣದ ಮೇಲೆ 'ಲಲಿತಾ' ಎಂಬ ಹೆಸರು ಬಳಸಕೂಡದು. ಜೊತೆಗೆ ನಮ್ಮ ಪತ್ರದ ನಕಲು.

ಅವಳು ನನ್ನನ್ನು ನೋಡಿದಳು. ಸೋಮುವನ್ನು ನೋಡಲಿಲ್ಲ; ಅವನು ಬರೆದದ್ದಲ್ಲವೆಂದು ಇಂಗ್ಲಿಷೇ ಹೇಳುತ್ತಿತ್ತು.

"ಆ ಇಂಟರ್ನೆಟ್ ಸೈಟ್ ಹಾಳಾಗ್ಲಿ. ಪೊಟ್ಟಣದ ಮೇಲೆ ನನ್ನ ಹೆಸರು ಹಾಕಬಾರದಂತಾ?"

"ಬ್ಯಾರೆ ಹೆಸರು ಇಟ್ಟರಾತು," ಎಂದೆ, ಸಮಾಧಾನಕ್ಕೆ. "ತುಂಗಾ, ಭದ್ರಾ, ಏನರ. ಹೆಸರಿಗೇನು ಬರಗಾಲ?"

"ನಿಮಗೆ ಗೊತ್ತಾಗಲ್ಲ," ಎಂದಳು. ಸಿಟ್ಟಿನಿಂದಲ್ಲ. "ಈ ಊರಿಗೆ ಬಂದ ಮೇಲೆ ನನ್ನನ್ನ ಯಾರು ಹೆಸರಿಂದ ಕರೆದಿದಾರೆ ಹೇಳಿ. ಮೇಲಿನ ಮನೆಯವರಿಗೆ ನಾನು ಕಾನಡೀ ವಹಿನಿ, ಕನ್ನಡದ ಅತ್ತಿಗೆ. ಮಗಳ ಸ್ಕೂಲಲ್ಲಿ ಶಿಲ್ಪಾಚೀ ಆಯೀ, ಶಿಲ್ಪಾನ ಅಮ್ಮ. ನಿಮ್ಮ ಆಫೀಸಿನವರಿಗೆ ಮಿಸೆಸ್ ಹಿರೇಮಠ. ನೀವಂತೂ 'ಏ ಇಲ್ನೋಡು' ಅಂತೀರಿ. ಆ ಪೊಟ್ಟಣ ಒಂದೇ ನನ್ನ ಹೆಸರು ಹೇಳ್ತಿದ್ದದ್ದು."

ಪತ್ರಿಕೆಯವನಿಗೆ ಇಂಥ ಮಾತಿಗೆ ಮರುಪ್ರಶ್ನೆ ಹಾಕುವುದು ಅಭ್ಯಾಸ. ಅಂದು ನೋಟಿಸನ್ನು ಮಡಚಿ ಜೇಬಿಗಿಟ್ಟು ಚಪ್ಪಲಿ ಹಾಕಿಕೊಂಡೆ.

ನಾವು ನಮ್ಮ ಪರಿಚಯದ ವಕೀಲರ ಬಳಿ ಹೋದೆವು. ಮಹಾಲಿನ ಹಳೆಯ ವಾಡೆಯೊಂದರ ಮುಂಭಾಗದಲ್ಲಿ ಅವರ ಕಚೇರಿ. ಹಿಂಭಾಗದ ಬಗ್ಗೆ ಅಣ್ಣತಮ್ಮಂದಿರ ಮೊಕದ್ದಮೆ ನಡೆದಿದ್ದು, ಅದನ್ನೂ ಅವರೇ ನಡೆಸುತ್ತಿದ್ದರು. ಬಾಡಿಗೆ, ಬೇಲಿ, ಪಾಲು ಇವುಗಳಲ್ಲಿ ಪಳಗಿದವರು; ಗಾಳಿಯಲ್ಲಿರುವ ಸೈಟಿನ ವ್ಯಾಜ್ಯ ಅವರಿಗೂ ಹೊಸದು. ಮುಂಬಯಿಯ ಯಾರಿಗೋ ಫೋನು ಮಾಡಿ ತಿಳಿದುಕೊಂಡು, ಮೂಗಿಗೆ ನಶ್ಯವೇರಿಸಿ, ಮರಾಠಿಯಲ್ಲಿ ವಿವರಿಸಿದರು. ನೋಟಿಸು ಹೆದರಿಸುವಷ್ಟು ಗಟ್ಟಿಯಲ್ಲ. ಬಾಯಿಯವರ ಹೆಸರೇ ಲಲಿತಾ. ವರ್ಷಗಳಿಂದ ಆ ಹೆಸರಿನಲ್ಲಿ ಪುಡಿ ಮಾರಿದ್ದಾರೆ. ತನ್ನ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರನ್ನು ಕಾನೂನು ಸುಮ್ಮನೆ ಎಬ್ಬಿಸುವುದಿಲ್ಲ. ನಮಗೆ ಹೋದ ಜೀವ ಬಂದಂತಾಯಿತು.

"ಪಣ್," ಎಂದರು ವಕೀಲರು. ಮರಾಠಿಯಲ್ಲಿ ಪಣ್ ಎಂದರೆ 'ಆದರೆ'. ವಕೀಲರ ಶುಲ್ಕವೆಲ್ಲ ಆ ಎರಡಕ್ಷರಕ್ಕೆ. ಅವರು ನಮ್ಮ ಪತ್ರದ ನಕಲನ್ನು ಬೆಳಕಿಗೆ ಹಿಡಿದರು. "ಎದುರಾಳಿ ಕೋರ್ಟಿನಲ್ಲಿ ನಾಲ್ಕು ಸಂಗತಿ ಸಾಬೀತು ಮಾಡಬೇಕು. ಹೆಸರು ಒಂದೇ ಥರ ಇದೆ ಎಂಬುದು. ಗಿರಾಕಿಗಳು ಮೋಸಹೋಗುತ್ತಾರೆ ಎಂಬುದು. ಹೆಸರಿನಿಂದ ನಿಮಗೆ ಸ್ವಂತ ಉಪಯೋಗವಿಲ್ಲ ಎಂಬುದು. ಅವನಿಗೇ ಮಾರಲೆಂದು ಹಿಡಿದಿಟ್ಟಿದ್ದೀರಿ ಎಂಬುದು. ಸಾಧಾರಣವಾಗಿ ಇದಕ್ಕೆ ಹತ್ತಾರು ಸಾಕ್ಷಿ ಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ಇಲ್ಲಿ ನಾಲ್ಕು ವಾಕ್ಯದಲ್ಲಿ ನಾಲ್ಕೂ ಇವೆ. ಅದೇ ಅನುಕ್ರಮದಲ್ಲಿ. ಕೋಣೀ ಲಿಹಿಲಂ ಹೇ?"

ಯಾರು ಬರೆದದ್ದು ಇದು? ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದೆ.

ಸೋಮು ತನ್ನ ಚೀಲದಿಂದ ಮೊದಲಿನ ಎರಡು ಪುಟದ ಕರಡನ್ನು ತೆಗೆದು ಸಂಕೋಚದಿಂದ ಮುಂದಿಟ್ಟ. "ಸರ್, ಮೈನೇ ತೋ ಪಹಲೇ ಯೇ ಲಿಖಾ ಥಾ." ನಾನು ಮೊದಲು ಬರೆದದ್ದು ಇದು.

ವಕೀಲರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಅವರ ಮುಖದಲ್ಲಿ, ರಾಗ ಬಲ್ಲವನು ಒಳ್ಳೆಯ ಗಾಯನ ಕೇಳುವಾಗ ಬರುವ ಭಾವ ಬಂತು. "ವಾಹ್! ಇದರಲ್ಲಿ ಏನೂ ಇಲ್ಲ. ಯಾವ ನ್ಯಾಯಾಧೀಶನೂ ಇದರಿಂದ ಏನನ್ನೂ ಸಾಬೀತು ಮಾಡಲಾರ. ಇದನ್ನು ಕಳಿಸಿದ್ದರೆ ನಾವು ಗೆದ್ದಿದ್ದೆವು." ಆಮೇಲೆ ನನ್ನ ಕಡೆ ತಿರುಗಿ, ಗೌರವಕ್ಕೆ ಕೊರತೆಯಾಗದಂತೆ, "ಸಾಹೇಬ, ಇನ್ನು ಈ ವಿಷಯದಲ್ಲಿ ನೀವು ಏನನ್ನೂ ಬರೆಯಬೇಡಿ. ಸೇಠ್ ಕೆಟ್ಟ ಮನುಷ್ಯನಲ್ಲ. ಹೋಗಿ ಮಾತಾಡಿ. ಬಾಯಿಯವರು ಮಾತಾಡಲಿ," ಎಂದರು.

ಇತವಾರಿಗೆ ಹೋದೆವು. ಕೈಗಾಡಿಗಳು, ಟೆಂಪೋಗಳು, ಮೆಣಸಿನಕಾಯಿಯ ಮೂಟೆಗಳು; ಪೇಟೆಯ ತುದಿಯಿಂದಲೇ ಸೋಮುವಿಗೆ ಸೀನು ಹತ್ತಿತು. ಲಲಿತ್ ಮಸಾಲೆಯ ಸೇಠರು ಗಾದಿಯ ಮೇಲೆ ಕೂತಿದ್ದರು. ವಯಸ್ಸಾದವರು, ಬಿಳಿ ಅಂಗಿ, ಮಾತು ಅರ್ಧ ಹಿಂದಿ, ಅರ್ಧ ಮರಾಠಿ. ನೋಟಿಸು ಕಳಿಸಿದವರಾದರೂ ಚಹಾ ತರಿಸಿದರು. ಸೋಮು ಇನ್ನೂ ಮಾರಾಟದ ಹುಮ್ಮಸ್ಸಿನಲ್ಲೇ ಇದ್ದು, "ಸೇಠ್‌ಜೀ, ಆಪ್ ಕಾ ಔರ್ ಹಮಾರಾ ನಾಮ್ ಏಕ್ ಜೈಸಾ" ಎಂದು, ಎರಡು ಹೆಸರೂ ಒಂದೇ ಥರ ಎಂಬ ಮಾತನ್ನೇ ಶುರು ಮಾಡಿ ಅಲ್ಲಿಗೇ ಸೀನಿದ. ದೇವರು ದೊಡ್ಡವನು.

"ಹೆಸರು ನನ್ನದಲ್ಲ," ಎಂದರು ಸೇಠರು. ಈ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ. "ನಮ್ಮಪ್ಪನದು. ಲಲಿತ್‌ಚಂದ್. ಇದೇ ರಸ್ತೆಯಲ್ಲಿ ಕೈಗಾಡಿ ತಳ್ಳಿದವರು. ಮಗನಿಗೆ ಅಪ್ಪನ ಹೆಸರನ್ನು ಬೆಲೆಗೆ ಮಾರುತ್ತೇವೆಂದು ಬರೆದಿದ್ದೀರಲ್ಲ, ಅದಕ್ಕೆ ನೋಟಿಸು. ಹೆಸರು ಹೋಗಲಿ. ನಮ್ಮ ಘೋಷಣೆಯನ್ನೂ ಕದ್ದಿದ್ದೀರಿ."

ಘೋಷಣೆ ಎಂದರೇನೆಂದು ನಮಗೆ ತಿಳಿಯಲಿಲ್ಲ. ಸೇಠರು ಬಾಗಿಲಾಚೆ ಬೆರಳು ತೋರಿಸಿದರು. ಎದುರುಗೋಡೆಯ ಮೇಲೆ ಮರಾಠಿಯಲ್ಲಿ ಆಳೆತ್ತರದ ಅಕ್ಷರಗಳು: 'ಘರೀ ಆಣಾ, ಲಲಿತ್ ಹಾ ಮಸಾಲಾ'. ಮನೆಗೆ ತನ್ನಿ, ಲಲಿತ್ ಎಂಬ ಈ ಮಸಾಲೆ. ನಾಗಪುರದ ಅರ್ಧ ಗೋಡೆಗಳ ಮೇಲೆ ಇದೇ ಸಾಲು ಇದೆಯೆಂದು ಆಗ ಹೊಳೆಯಿತು. ಓದುವುದೇ ಕಸುಬಾದ ನಾನು ದಿನವೂ ಅದರ ಮುಂದೆಯೇ ಸ್ಕೂಟರಿನಲ್ಲಿ ಹೋಗಿದ್ದೆ. ಸೇಠರು ನಮ್ಮ ಪತ್ರದ ಮೇಲಿನ ಇಂಟರ್ನೆಟ್ ಹೆಸರನ್ನು ಪೆನ್ಸಿಲಿನಿಂದ ಮೂರು ತುಂಡು ಮಾಡಿದರು. ಟಿ ಆದ ಮೇಲೆ ಒಂದು ಗೀಟು. ಎಚ್, ಎ ಆದ ಮೇಲೆ ಇನ್ನೊಂದು ಗೀಟು.

"ಲಲಿತ್. ಹಾ. ಮಸಾಲಾ," ಎಂದು ಓದಿದರು. "ಆತಾ ಬೋಲಾ." ಈಗ ಹೇಳಿ.

ಇಂಟರ್ನೆಟ್ ಹೆಸರಿನಲ್ಲಿ ಪದಗಳ ನಡುವೆ ಜಾಗ ಬಿಡುವಂತಿಲ್ಲ. ತುಮಕೂರಿನ ಎಚ್ ನಾಗಪುರದಲ್ಲಿ ಮರಾಠಿಯ 'ಹಾ' ಆಗಿತ್ತು. 'ಈ' ಎಂಬರ್ಥದ, ಬೆರಳು ಮಾಡಿ ತೋರಿಸುವ 'ಹಾ'. "ಅಯ್ಯೋ ಭಾವ, ಹೌದಲ್ರೀ!" ಎಂದು ಸೋಮು ಬೆರಗಿನಿಂದ ಕೂಗಿದ. ಎದುರಾಳಿಯ ವಾದ ಕೇಳಿ ಇಷ್ಟು ಸಂತೋಷಪಟ್ಟ ಇನ್ನೊಬ್ಬ ಪ್ರತಿವಾದಿಯನ್ನು ನಾನು ಕಂಡಿಲ್ಲ.

ಲಲಿತಾ ಸೇಠರ ಕೈಯಿಂದ ಪೆನ್ಸಿಲ್ ಕೇಳಿ ಪಡೆದಳು. ಅದೇ ಹೆಸರನ್ನು ಕೆಳಗೆ ಮತ್ತೆ ಬರೆದು ಒಂದೇ ಒಂದು ಗೀಟು ಎಳೆದಳು, ಮಸಾಲಾ ಶುರುವಾಗುವ ಮುಂಚೆ. ಅವಳ ಮರಾಠಿ ಮಾರುಕಟ್ಟೆಯಲ್ಲಿ ಕಲಿತದ್ದು. ಅದರಲ್ಲಿ ವ್ಯಾಕರಣ ಕಡಿಮೆ, ಗುರಿ ಹೆಚ್ಚು. "ಯಾತ್ 'ಹಾ' ನಾಹೀ ಸೇಠ್‌ಜೀ. 'ಥಾ' ಪಣ್ ನಾಹೀ. ಫಕ್ತ 'ತಾ' ಆಹೇ. ಲಲಿತಾ. ಮೀಚ್ ಲಲಿತಾ." ಇದರಲ್ಲಿ 'ಹಾ' ಇಲ್ಲ, 'ಥಾ' ಕೂಡ ಇಲ್ಲ, ಬರೀ 'ತಾ'; ನಾನೇ ಲಲಿತಾ.

"ಮಗ್ ಎಚ್ ಕಶಾಲಾ?" ಮತ್ತೆ ಎಚ್ ಯಾಕೆ?

"ಮಾಝ್ಯಾ ವಡಿಲಾಂನೀ ಲಿಹಿಲಾ." ನಮ್ಮಪ್ಪ ಬರೆದದ್ದು.

ಸೇಠರು ಮೇಲಿನ ಹೆಸರನ್ನೂ ಕೆಳಗಿನದನ್ನೂ ಇನ್ನೊಮ್ಮೆ ಓದಿದರು. ಆಮೇಲೆ ನನ್ನನ್ನು ತೋರಿಸಿ, "ಔರ್ ಯೇ ಚಿಟ್ಠೀ? ಇನ್ಹೋಂನೇ ಲಿಖೀ?" ಎಂದು ಕೇಳಿದರು. ಪತ್ರ ಇವರೇ ಬರೆದದ್ದು ಹೌದೆಂದು ಅವಳು ತಲೆಯಾಡಿಸಿದಳು. "ಅಚ್ಛಾ ಲಿಖತೇ ಹೈಂ. ಹಮಾರೇ ವಕೀಲ್ ಕೋ ಭೀ ಇತನಾ ಸಾಫ್ ಲಿಖನಾ ನಹೀಂ ಆತಾ." ಚೆನ್ನಾಗಿ ಬರೆಯುತ್ತಾರೆ, ನಮ್ಮ ವಕೀಲನಿಗೂ ಇಷ್ಟು ಸ್ಪಷ್ಟವಾಗಿ ಬರೆಯಲು ಬಾರದು. ಇಷ್ಟು ವರ್ಷಗಳ ಕಸುಬಿನಲ್ಲಿ ನನ್ನ ಬರವಣಿಗೆಗೆ ಸಿಕ್ಕ ಒಂದೇ ಹೊಗಳಿಕೆ ಅದು. ಸ್ವೀಕರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇಂಟರ್ನೆಟ್ ಹೆಸರನ್ನು ಲಲಿತಾ ಆಗಲೇ ಬಿಟ್ಟುಕೊಟ್ಟಳು, ಬೆಲೆಯಿಲ್ಲದೆ. ಸೋಮು ಏನೋ ಹೇಳಹೋಗಿ ಅಕ್ಕನ ಕಣ್ಣು ಕಂಡು ಚಹಾ ಕುಡಿದ. ಉಳಿದದ್ದು ಪೊಟ್ಟಣ. ಸೇಠರು ಅಲ್ಲಿ ಮಾತ್ರ ಬಗ್ಗಲಿಲ್ಲ. ಬಾಯಿಯವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅಂಗಡಿಯ ಹಲಗೆಯ ಮೇಲೆ ಲಲಿತ್ ಪಕ್ಕ ಲಲಿಥಾ ಕೂತರೆ ಗಿರಾಕಿ ಎರಡೂ ಒಂದೇ ಮನೆಯದೆನ್ನುತ್ತಾನೆ. ಇಂದು ನಿಮ್ಮನ್ನು ಬಿಟ್ಟರೆ ನಾಳೆ ಲಲಿತೇಶ್ ಬರುತ್ತಾನೆ, ನಾಡಿದ್ದು ಲಲಿತಾನಂದ ಎಂದರು. ನ್ಯಾಯವೇ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ, ನಾಲ್ಕು ವಾಕ್ಯಗಳಲ್ಲಿ.

ಲಲಿತಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಕನ್ನಡದಲ್ಲಿ ದಪ್ಪಗೆ 'ಲಲಿತಾ' ಎಂದು ಬರೆದಳು. "ಅಸಂ ಲಿಹಿಲಂ ತರ್?" ಹೀಗೆ ಬರೆದರೆ?

ಸೇಠರು ಕಾಗದವನ್ನು ನೇರ ಹಿಡಿದು ನೋಡಿದರು, ಅಡ್ಡ ಹಿಡಿದು ನೋಡಿದರು. "ಹೇ ತರ್ ಜಿಲೇಬೀ ಆಹೇ!" ಎಂದು ನಕ್ಕರು. ಮುನೀಮನನ್ನು ಕರೆದರು. ಮುನೀಮ ಕನ್ನಡಕದ ಮೇಲಿಂದ, ಕೆಳಗಿಂದ ನೋಡಿ, ಇದರಲ್ಲಿ ಎಚ್ ಎಲ್ಲಿದೆಯೆಂದು ಹುಡುಕಿ, ಸಿಗದೆ, ಕೈಚೆಲ್ಲಿದ. "ಇತವಾರಿಯಲ್ಲಿ ಯಾರಾದರೂ ಇದನ್ನು ಓದಬಲ್ಲರೇ?" ಎಂದರು ಸೇಠರು. "ಕೋಣೀಚ್ ನಾಹೀ," ಎಂದ ಮುನೀಮ. ಒಬ್ಬನೂ ಇಲ್ಲ.

"ಮಗ್ ಚಾಲೇಲ್," ಎಂದರು ಸೇಠರು. ಹಾಗಾದರೆ ನಡೆಯುತ್ತದೆ.

ಟ್ರೇಡ್‌ಮಾರ್ಕಿನ ಕಾನೂನನ್ನು ನಾನು ಅಂದು ಪೂರ್ತಿ ಅರ್ಥಮಾಡಿಕೊಂಡೆ. ಯಾರೂ ಓದಲಾರದ ಹಾಗಿದ್ದರೆ ನಿಮ್ಮ ಹೆಸರು ನಿಮ್ಮದೇ.

ಒಪ್ಪಂದವನ್ನು ಬರವಣಿಗೆಯಲ್ಲಿ ಕೊಡಬೇಕಾಗಿತ್ತು. ಮನೆಗೆ ಬಂದು ನಾನು ಅಭ್ಯಾಸಬಲದಿಂದ ಪೆನ್ನಿನ ಟೋಪಿ ತೆಗೆದೆ. ಲಲಿತಾ ಬಂದು ಟೋಪಿ ಹಾಕಿದಳು. "ಸೋಮು ಬರೀತಾನೆ." ಸೋಮು ಬರೆದ, ಎರಡೂವರೆ ಪುಟ. ಸದರಿ ಹೆಸರನ್ನು ಸದರಿಯವರಿಗೆ ಸೂಕ್ತ ರೀತಿಯಲ್ಲಿ ಬಿಟ್ಟುಕೊಟ್ಟಿರುವುದು ಕಂಡುಬಂದಿರುವುದಾಗಿ ಅದರ ಸಾರಾಂಶ. ಎರಡೂ ಕಡೆಯ ವಕೀಲರು ಓದಿ ತೃಪ್ತರಾದರು. ಯಾರು ಏನು ಒಪ್ಪಿಕೊಂಡರೆಂದು ಯಾರಿಗೂ ತಿಳಿಯದ ಕಾರಣ ಯಾರಿಗೂ ತಕರಾರು ತೆಗೆಯಲಾಗಲಿಲ್ಲ.

ಮಹಾಲಿನ ಮುದ್ರಕ ಕನ್ನಡದ ಅಕ್ಷರಗಳನ್ನು ಲಲಿತಾಳ ಕೈಬರಹದಿಂದಲೇ ಪಡಿಯಚ್ಚು ತೆಗೆದು ಹೊಸ ಚೀಟಿ ಮಾಡಿಕೊಟ್ಟ. ಈ ಸಲ ಅವನಿಗೆ ತಿದ್ದಲು ಏನೂ ಇರಲಿಲ್ಲ. ನಮ್ಮ ಮಗಳು ಶಿಲ್ಪಾ ಒಂದು ಚೀಟಿ ತೆಗೆದುಕೊಂಡು "ಲ... ಲಿ... ಆಯೀ, ಪುಢಂ ಕಾಯ್?" ಎಂದು ಎಡವುತ್ತ ಓದಿ, ಮುಂದಿನದೇನೆಂದು ಅಮ್ಮನನ್ನೇ ಕೇಳಿದಳು. ಮನೆಯಲ್ಲೇ ಈ ಗತಿ. ಲಲಿತಾ ಚೀಟಿಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, "ಹೆಸರು ಉಳೀತು. ಓದೋರು ಮಾತ್ರ ಇಲ್ಲ," ಎಂದಳು. ನನಗೂ ಹಾಗೆಯೇ ಅನ್ನಿಸಿತು. ಆದರೂ ಹಳೆಯ ಚೀಟಿಗಳನ್ನು ಕಿತ್ತು ಹೊಸದನ್ನು ಅಂಟಿಸಿದಳು. ಮಾತು ಕೊಟ್ಟಾಗಿತ್ತು.

ಆ ವಾರ ಮೇಲಿನ ಮನೆಯ ದೇಶಮುಖ ಕಾಕು ಹುಳಿಪುಡಿಗೆಂದು ಬಂದರು. ನಾವು ಆ ಮನೆಗೆ ಬಂದಾಗಿನಿಂದ ಇರುವ ನೆರೆಯವರು. ನಾನು ಹಜಾರದಲ್ಲಿ ನಮ್ಮದೇ ಪತ್ರಿಕೆಯನ್ನು ಹಿಡಿದು ಹಿಂದಿನ ರಾತ್ರಿಯ ತಪ್ಪುಗಳನ್ನು ಹುಡುಕುತ್ತಿದ್ದೆ. ಕಾಕು ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿದರು.

"ವಹಿನೀ, ಹೇ ಕಾಯ್ ಲಿಹಿಲಂಯ್ ಹೋ?" ಇದೇನು ಬರೆದಿದೆ?

"ಮಾಝಂ ನಾವ್." ನನ್ನ ಹೆಸರು.

"ಹೋ ಕಾ? ಕಾಯ್ ನಾವ್ ತುಮಚಂ?" ಹೌದಾ? ಏನು ನಿಮ್ಮ ಹೆಸರು?

ಇಂಗ್ಲಿಷಿನಲ್ಲಿ ಅಚ್ಚಾಗಿದ್ದಷ್ಟು ಕಾಲ ಆ ಹೆಸರನ್ನು ಎಲ್ಲರೂ ಓದಬಹುದಾಗಿತ್ತು. ಆದ್ದರಿಂದ ಯಾರೂ ಓದಿರಲಿಲ್ಲ.

"ಲಲಿತಾ," ಎಂದಳು.

"ಲಲಿತಾ! ಕಿತೀ ಛಾನ್ ನಾವ್!" ಎಷ್ಟು ಚೆಂದದ ಹೆಸರು. ಅಯ್ಯಾ, ನಾವು ಇಷ್ಟು ದಿನ ವಹಿನೀ ವಹಿನೀ ಅನ್ನುತ್ತಲೇ ಇದ್ದೆವಲ್ಲ! ಕಾಕು ಹೆಸರನ್ನು ಇನ್ನೆರಡು ಸಲ ಹೇಳಿ ನೋಡಿದರು, ರುಚಿ ನೋಡುವಂತೆ. ಟಕಾರವಿಲ್ಲ, ಥಕಾರವಿಲ್ಲ, ತುಮಕೂರಿನಲ್ಲಿ ಕರೆದ ಹಾಗೆಯೇ. ಮರುದಿನ ಕಾಕುವಿನ ಸೊಸೆ ಕೇಳಿದಳು. ಅದರ ಮರುದಿನ ಎದುರುಮನೆಯವರು. ಪೊಟ್ಟಣ ಕೊಂಡವರೆಲ್ಲ ಜಿಲೇಬಿಯ ಮೇಲೆ ಬೆರಳಿಟ್ಟು ಇದೇನೆಂದು ಕೇಳುವವರೇ, ಅವಳು ಹೇಳುವವಳೇ.

ಆದರೆ ಅದು ಮುಂದಿನ ಮಾತು. ಅಂದು ಕಾಕು ಹೊರಡುವ ಮುನ್ನ, ಹೆಸರು ಕೇಳುವ ಉತ್ಸಾಹ ಇನ್ನೂ ಇಳಿಯದೆ, ಪತ್ರಿಕೆಯ ಹಿಂದಿದ್ದ ನನ್ನ ಕಡೆ ಗದ್ದ ತಿರುಗಿಸಿದರು. "ಆಣಿ ಸಾಹೇಬಾಂಚಂ ನಾವ್ ಕಾಯ್?" ಮತ್ತೆ ಸಾಹೇಬರ ಹೆಸರೇನು?

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಲಲಿತಾಳ ತವರಿನಲ್ಲಿಲ್ಲ. ಹಾಗೆಂದು ಅವಳು ರೂಢಿಗಳಿಗೆ ಅಷ್ಟೇನೂ ಅಂಜುವವಳಲ್ಲ. ನಾನು ಪತ್ರಿಕೆಯನ್ನು ಒಂದಿಷ್ಟು ಕೆಳಗಿಳಿಸಿ ಕಾದೆ.

"ನಾವಾಚಂ ರಾಹೂ ದ್ಯಾ, ಕಾಕೂ," ಎಂದಳು, ಹೆಸರಿನ ಮಾತು ಇರಲಿ ಬಿಡಿ. "ತೇ ಪತ್ರ ಫಾರ್ ಛಾನ್ ಲಿಹಿತಾತ್." ಅವರು ಪತ್ರ ಬಹಳ ಚೆನ್ನಾಗಿ ಬರೆಯುತ್ತಾರೆ.